ಬಿಸಿಲು ಬೇರೆ, ಸೌರಗಾಳಿ ಬೇರೆ

2024ರ ಮೇ 10ರ ರಾತ್ರಿ ಸೌರ ಬಿರುಗಾಳಿಯೊಂದು ಭೂಮಿಗೆ ಅಪ್ಪಳಿಸಿತು. ಪರ್ಸಿ ಕಲ್ಲು ಹಾಸಿದ ಅಂಗಳದಲ್ಲಿ ಬರಿಗಾಲಿಡಲಾಗದ ಆ ದಿನಗಳಲ್ಲಿ ಸೇಡಂ, ಚಿತ್ತಾಪುರದ ಕಡೆ ಯಾರಾದರೂ ‘ಅದಕ್ಕೇ ಈ ಝಳ’ ಅಂದುಕೊಂಡಿದ್ದರೆ ತಪ್ಪೇನಲ್ಲ, ಆದರೆ ನಿಜವೂ ಅಲ್ಲ. ಬಿಸಿಲು ಎಂಟೇ ನಿಮಿಷದಲ್ಲಿ ಬರುತ್ತದೆ. ಸೌರಕಲೆಗಳ 11 ವರ್ಷದ ಚಕ್ರದಲ್ಲಿ ಅದು ಏರಿಳಿಯುವುದು ಶೇ. 0.1ರಷ್ಟು. ಸೌರಗಾಳಿ ಎಂದರೆ ಪ್ರೋಟಾನ್, ಎಲೆಕ್ಟ್ರಾನ್‌ಗಳ ಹರಿವು. ಸೆಕೆಂಡಿಗೆ 400 ಕಿ.ಮೀ. ಓಡಿದರೂ ನಮ್ಮನ್ನು ಮುಟ್ಟಲು ನಾಲ್ಕು ದಿನ ಬೇಕು.

ಭೂಮಿಯ ಕಾಂತಕ್ಷೇತ್ರ ಅದನ್ನು ಬಹುಮಟ್ಟಿಗೆ ಪಕ್ಕಕ್ಕೆ ಸರಿಸುತ್ತದೆ. ಗಾಳಿಯೊಡನೆ ಬರುವ ಕಾಂತಕ್ಷೇತ್ರ ದಕ್ಷಿಣಮುಖಿಯಾಗಿದ್ದರೆ ಮಾತ್ರ ಎರಡೂ ಬೆಸೆದುಕೊಂಡು ಒಳಕ್ಕೆ ದಾರಿಯಾಗುತ್ತದೆ. ಆಗ ಧ್ರುವಪ್ರದೇಶದ ಆಗಸದಲ್ಲಿ ಬಣ್ಣದ ಪ್ರಭೆ, ನೆಲದ ಉದ್ದುದ್ದ ತಂತಿಗಳಲ್ಲಿ ಬೇಡದ ವಿದ್ಯುತ್ತು. 1872ರ ಫೆಬ್ರುವರಿ 4ರ ಬಿರುಗಾಳಿ ಎಷ್ಟು ಜೋರಿತ್ತೆಂದರೆ ಆ ಪ್ರಭೆ ಮುಂಬೈಗೂ ಕಂಡಿತು, ಟೆಲಿಗ್ರಾಫ್ ಕೆಲಸ ಕೆಟ್ಟಿತು. 2024ರಲ್ಲಿ ನಮ್ಮ ದೇಶದಲ್ಲಿ ಅದು ಕಂಡದ್ದು ಲಡಾಖಿನ ಹಾನ್ಲೆಯಂಥ ಕಡೆ, ಕೆಂಪಗೆ.

ಸೇಡಂಗೆ ಪ್ರಭೆ ಕಾಣದಿದ್ದರೂ ತಲೆಯ ಮೇಲೆ ನೂರಾರು ಕಿ.ಮೀ. ಎತ್ತರದಲ್ಲಿ ಗಲಾಟೆ ಇದ್ದೇ ಇರುತ್ತದೆ. ಭೂಕಾಂತೀಯ ಸಮಭಾಜಕ ರೇಖೆ ತಮಿಳುನಾಡಿನ ದಕ್ಷಿಣ ತುದಿಯಲ್ಲಿ, ತಿರುನೆಲ್ವೇಲಿಯ ಬಳಿ ಹಾಯುತ್ತದೆ. ಹಗಲು ಅಲ್ಲಿ ಮೇಲೆದ್ದ ಅಯಾನುಗಳು ಉತ್ತರಕ್ಕೆ, ದಕ್ಷಿಣಕ್ಕೆ ಜಾರಿ ಒಟ್ಟಾಗುತ್ತವೆ. ಸೇಡಂ ಇರುವುದು ಆ ಜಾರುದಾರಿಯ ಕೆಳಗೆ. ಹೊತ್ತು ಮುಳುಗಿದ ಮೇಲೆ ಈ ಅಯಾನುಗಳ ಪದರದಲ್ಲಿ ಕುದಿಯುವ ಅನ್ನದಲ್ಲಿ ಏಳುವಂಥ ಗುಳ್ಳೆಗಳು ಏಳುತ್ತವೆ. ಅವುಗಳ ನಡುವೆ ಹಾದುಬರುವ ಜಿಪಿಎಸ್ ಸಂಕೇತ ನಡುಗುತ್ತದೆ. ಮೊಬೈಲಿನಲ್ಲಿ ದಾರಿ ಹುಡುಕುವವರಿಗೆ ಇದು ಗೊತ್ತೂ ಆಗಲಿಕ್ಕಿಲ್ಲ. ಸೆಂಟಿಮೀಟರ್ ಲೆಕ್ಕದಲ್ಲಿ ಗಣಿ, ಹೊಲ ಅಳೆಯುವ ಸರ್ವೆ ಉಪಕರಣಕ್ಕೆ ಮಾತ್ರ ಇದು ತಲೆನೋವು. ಸೂರ್ಯ ಚುರುಕಾಗಿರುವ ವರ್ಷಗಳ ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ರಾತ್ರಿಗಳಲ್ಲಿ ಕಾಟ ಹೆಚ್ಚು. ತಮಾಷೆಯೆಂದರೆ, ಕೆಲವು ಬಿರುಗಾಳಿಗಳು ಈ ಗುಳ್ಳೆಗಳನ್ನು ಎಬ್ಬಿಸಿದರೆ, ಕೆಲವು ಅಡಗಿಸಿಬಿಡುತ್ತವೆ.

2023ರ ಸೆಪ್ಟೆಂಬರ್ 2ರಂದು ಹೊರಟ ಇಸ್ರೋದ ಆದಿತ್ಯ-ಎಲ್1 ಈಗ ಸೂರ್ಯನ ದಿಕ್ಕಿನಲ್ಲಿ 15 ಲಕ್ಷ ಕಿ.ಮೀ. ದೂರದಲ್ಲಿ ಇಂಥ ಬಿರುಗಾಳಿಗಳಿಗೆ ಕಾವಲಿದೆ. ಅದರ ಮುಖ್ಯ ದೂರದರ್ಶಕವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಸೂರ್ಯನಿಂದ ಬಿರುಗಾಳಿ ತರುವ ಕಣಗಳ ಮೋಡ ಹೊರಟದ್ದು ದಿನಗಳ ಮೊದಲೇ ಕಾಣುತ್ತದೆ. ಆದರೆ ಅದರೊಳಗಿನ ಕಾಂತಕ್ಷೇತ್ರ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂಬುದು ಖಚಿತವಾಗುವುದು ಇಂಥ ನೌಕೆಯನ್ನು ಅದು ತಾಗಿದಾಗಲೇ. ಅಲ್ಲಿಂದ ನಮ್ಮವರೆಗೆ ಉಳಿಯುವುದು ಅರ್ಧದಿಂದ ಒಂದು ಗಂಟೆ.