ಕಲೆಯಿಂದ ಚೇತರಿಸಿದ ಕಡಲತೀರದ ಊರುಗಳು: ಲಾಭ ಯಾರಿಗೆ?

ಕಡಲತೀರದ ಊರುಗಳು ಸಾಮಾನ್ಯವಾಗಿ ಮೀನುಗಾರಿಕೆ, ಬಂದರು ಅಥವಾ ಪ್ರವಾಸಿಗರನ್ನು ನಂಬಿ ಬದುಕುತ್ತವೆ. ಆ ಆಸರೆ ತಪ್ಪಿದಾಗ ಯುವಕರು ಕೆಲಸ ಹುಡುಕಿಕೊಂಡು ಊರು ಬಿಡುತ್ತಾರೆ, ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಇಂಗ್ಲೆಂಡಿನ ಹಲವು ಊರುಗಳು ಈ ಸ್ಥಿತಿಯನ್ನು ಕಂಡಿವೆ. ಅವುಗಳಲ್ಲಿ ಕೆಲವು, ಕಲೆ ಮತ್ತು ಸಂಸ್ಕೃತಿಯ ಮೂಲಕ ಮತ್ತೆ ಚೇತರಿಸಿಕೊಳ್ಳಲು ಪ್ರಯತ್ನಿಸಿದವು. ಕೆಂಟ್ ಪ್ರಾಂತ್ಯದ ಮಾರ್ಗೇಟ್ ಮತ್ತು ಫೋಕ್‌ಸ್ಟನ್ ಎಂಬ ಎರಡು ಊರುಗಳ ಅನುಭವವನ್ನು ನಾವು ಇಲ್ಲಿ ಪರಿಚಯಿಸುತ್ತಿದ್ದೇವೆ.

ಊರು ಬಡವಾದದ್ದು ಹೇಗೆ?

ಸಮುದ್ರಸ್ನಾನ ಆರೋಗ್ಯಕ್ಕೆ ಒಳ್ಳೆಯದೆಂಬ ನಂಬಿಕೆಯಿಂದ 18ನೇ ಶತಮಾನದಲ್ಲೇ ಜನ ಮಾರ್ಗೇಟಿಗೆ ಬರತೊಡಗಿದ್ದರು. ಮುಂದೆ ರೈಲು ಬಂದ ಮೇಲೆ ಲಂಡನ್ನಿನ ಕಾರ್ಮಿಕ ಕುಟುಂಬಗಳಿಗೂ ಅದು ರಜೆಯ ಊರಾಯಿತು. ಆದರೆ 1970ರ ದಶಕದ ಹೊತ್ತಿಗೆ ಅಗ್ಗದ ವಿಮಾನ ಪ್ರವಾಸಗಳು ಅದೇ ಜನರನ್ನು ಸ್ಪೇನಿನ ಬಿಸಿಲಿಗೆ ಕರೆದೊಯ್ದವು. ಖಾಲಿಯಾದ ವಸತಿಗೃಹಗಳನ್ನು ಸಣ್ಣ ಸಣ್ಣ ಕೋಣೆಗಳಾಗಿ ವಿಂಗಡಿಸಿ ಬಡವರಿಗೆ ಬಾಡಿಗೆಗೆ ಕೊಡಲಾಯಿತು.

ಫೋಕ್‌ಸ್ಟನ್ನಿನ ಕಥೆ ಸ್ವಲ್ಪ ಬೇರೆ. ಅದು ಫ್ರಾನ್ಸಿಗೆ ಹೋಗುವ ಹಡಗುಗಳ ಬಂದರು. 1994ರಲ್ಲಿ ಸಮುದ್ರದಡಿಯ ಚಾನೆಲ್ ಸುರಂಗ ತೆರೆಯಿತು. 2000ದ ಹೊತ್ತಿಗೆ ಹಡಗುಗಳ ಓಡಾಟವೂ ನಿಂತಿತು. ದಾರಿಹೋಕರೇ ಇಲ್ಲದ ಮೇಲೆ ಪೇಟೆಗೆ ವ್ಯಾಪಾರ ಎಲ್ಲಿಂದ ಬರಬೇಕು?

ಮಾರ್ಗೇಟಿನ ಗ್ಯಾಲರಿ

ಪ್ರಸಿದ್ಧ ಚಿತ್ರಕಾರ ಟರ್ನರ್ ಬಾಲ್ಯದಲ್ಲಿ ಮಾರ್ಗೇಟಿನ ಶಾಲೆಯಲ್ಲಿ ಕಲಿತವರು. ಮುಂದೆಯೂ ಅಲ್ಲಿನ ಸಮುದ್ರ ಮತ್ತು ಆಕಾಶವನ್ನು ಚಿತ್ರಿಸಲು ಮತ್ತೆ ಮತ್ತೆ ಬರುತ್ತಿದ್ದರು. ಅವರು ತಂಗುತ್ತಿದ್ದ ವಸತಿಗೃಹವಿದ್ದ ಜಾಗದಲ್ಲೇ 2011ರ ಏಪ್ರಿಲ್‌ನಲ್ಲಿ 'ಟರ್ನರ್ ಕಾಂಟೆಂಪರರಿ' ಎಂಬ ಕಲಾ ಗ್ಯಾಲರಿ ತೆರೆಯಿತು. ಮೊದಲಿನ ಯೋಜನೆ ತೀರಾ ದುಬಾರಿಯಾದ್ದರಿಂದ 2006ರಲ್ಲಿ ಅದನ್ನು ಕೈಬಿಟ್ಟು, ವಾಸ್ತುಶಿಲ್ಪಿ ಡೇವಿಡ್ ಚಿಪ್ಪರ್‌ಫೀಲ್ಡ್ ಅವರ ವಿನ್ಯಾಸದಂತೆ ಸುಮಾರು 1.75 ಕೋಟಿ ಪೌಂಡ್ ವೆಚ್ಚದಲ್ಲಿ ಇದನ್ನು ಕಟ್ಟಲಾಯಿತು. ಪ್ರವೇಶ ಉಚಿತ. ಮೊದಲ ವರ್ಷವೇ ಸುಮಾರು 5 ಲಕ್ಷ ಜನ ಬಂದರು. ಹಳೆ ಪೇಟೆಯ ಮುಚ್ಚಿದ್ದ ಅಂಗಡಿಗಳಲ್ಲಿ ಮತ್ತೆ ವ್ಯಾಪಾರ ಶುರುವಾಯಿತು.

ಫೋಕ್‌ಸ್ಟನ್ನಿನ ದಾರಿ

ಫೋಕ್‌ಸ್ಟನ್ನಿನಲ್ಲಿ ದೊಡ್ಡ ಗ್ಯಾಲರಿ ಕಟ್ಟಲಿಲ್ಲ. ಊರಿನ ಉದ್ಯಮಿ ರೋಜರ್ ಡಿ ಹಾನ್ 2002ರಲ್ಲಿ ಒಂದು ದತ್ತಿ ಸಂಸ್ಥೆಯನ್ನು ಆರಂಭಿಸಿದರು. ಹಳೆ ಪೇಟೆಯ ಸುಮಾರು 90 ಕಟ್ಟಡಗಳನ್ನು ಖರೀದಿಸಿ, ದುರಸ್ತಿ ಮಾಡಿ, ನಾಮಮಾತ್ರ ಬಾಡಿಗೆಗೆ ದೀರ್ಘಾವಧಿ ಗುತ್ತಿಗೆಯ ಮೇಲೆ ಆ ಸಂಸ್ಥೆಗೆ ಒಪ್ಪಿಸಲಾಯಿತು. ಸಂಸ್ಥೆ ಅವುಗಳನ್ನು ಕಲಾವಿದರಿಗೂ ಸಣ್ಣ ವ್ಯಾಪಾರಿಗಳಿಗೂ ಬಾಡಿಗೆಗೆ ಕೊಡುತ್ತದೆ.

ಇದರ ಜೊತೆಗೆ 2008ರಲ್ಲಿ 'ಟ್ರಯೆನಿಯಲ್' ಎಂಬ ಕಲಾ ಉತ್ಸವ ಆರಂಭವಾಯಿತು. ಕಲಾಕೃತಿಗಳನ್ನು ಬೀದಿ, ಬಂದರು, ಮರಳತೀರಗಳಲ್ಲೇ ಇಡಲಾಗುತ್ತದೆ. ಉತ್ಸವ ಮುಗಿದ ಮೇಲೂ ಕೆಲವು ಊರಿನಲ್ಲೇ ಉಳಿಯುತ್ತವೆ. 2014ರ ಉತ್ಸವದಲ್ಲಿ ಜರ್ಮನಿಯ ಕಲಾವಿದರೊಬ್ಬರು ಬಂದರಿನ ಮರಳಿನಲ್ಲಿ 30 ಚಿನ್ನದ ತುಂಡುಗಳನ್ನು ಹೂತರು. ಸಿಕ್ಕವರಿಗೆ ಚಿನ್ನ! ಗ್ಯಾಲರಿಯ ಹೊಸ್ತಿಲು ದಾಟದವರೂ ಗುದ್ದಲಿ ಹಿಡಿದು ಬಂದರು.

ಉಳಿದಿರುವ ಪ್ರಶ್ನೆ

ಇಷ್ಟನ್ನು ಓದಿದಾಗ ಎಲ್ಲವೂ ಒಳ್ಳೆಯದೇ ಆಯಿತು ಎನಿಸಬಹುದು. ಆದರೆ ಊರಿಗೆ ಹೆಸರು ಬಂದಾಗ ಅಲ್ಲಿನ ಮನೆಗೆ ಬೆಲೆಯೂ ಬರುತ್ತದೆ. 2009ರಲ್ಲಿ ವೇಗದ ರೈಲು ಬಂದು ಲಂಡನ್ ಹತ್ತಿರವಾಯಿತು. ಅಲ್ಲಿಂದ ಬಂದವರು ಮಾರ್ಗೇಟಿನಲ್ಲಿ ಮನೆ ಕೊಂಡರು. ಹಲವು ಮನೆಗಳು ಪ್ರವಾಸಿಗರ ತಂಗುದಾಣಗಳಾದವು. 'ಲಂಡನ್ನಿನಿಂದ ಇಳಿದು ಬಂದವರು' ಎಂಬುದು ಸ್ಥಳೀಯರು ಅವರಿಗಿಟ್ಟ ಹೆಸರು. ಬಾಡಿಗೆ ಏರಿದಾಗ ಮೊದಲು ಊರು ಬಿಡಬೇಕಾದವರು ಅಲ್ಲೇ ಹುಟ್ಟಿ ಬೆಳೆದ ಬಡವರು. ಗ್ಯಾಲರಿ ತೆರೆದು 8 ವರ್ಷಗಳಾದ ಮೇಲೆ, 2019ರಲ್ಲಿ ಪ್ರಕಟವಾದ ಸರ್ಕಾರಿ ಸೂಚ್ಯಂಕದಲ್ಲಿಯೂ, ಗ್ಯಾಲರಿಗೆ ಹತ್ತಿರದಲ್ಲೇ ಇರುವ ಕ್ಲಿಫ್ಟನ್‌ವಿಲ್ ವೆಸ್ಟ್‌ನ ಭಾಗಗಳು ಇಂಗ್ಲೆಂಡಿನ ಅತಿ ಹಿಂದುಳಿದ ಪ್ರದೇಶಗಳ ಪಟ್ಟಿಯಲ್ಲಿದ್ದವು.

ಫೋಕ್‌ಸ್ಟನ್ನಿನಲ್ಲಿ ದತ್ತಿ ಸಂಸ್ಥೆಯ ಕೈಯಲ್ಲಿ ಕಟ್ಟಡಗಳಿರುವುದರಿಂದ ಅಲ್ಲಿನ ಕಲಾವಿದರಿಗೂ ಅಂಗಡಿಯವರಿಗೂ ಸ್ವಲ್ಪ ರಕ್ಷಣೆಯಿದೆ. ಆದರೆ ಈ ರಕ್ಷಣೆ ಇಡೀ ಊರಿನ ವಾಸದ ಮನೆಗಳಿಗಿಲ್ಲ. ಬಂದರಿನ ಬಳಿ ಎದ್ದ ದುಬಾರಿ ಫ್ಲ್ಯಾಟುಗಳ ಬಗ್ಗೆ ಸ್ಥಳೀಯರ ವಿರೋಧವೂ ಇದೆ.

2019ರಲ್ಲೇ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯ ಸಮಿತಿಯೊಂದು ಕಡಲತೀರದ ಊರುಗಳ ಕುರಿತು ವರದಿ ನೀಡಿತು. ಸಾರಿಗೆ, ಶಿಕ್ಷಣ, ವಸತಿಯ ಸುಧಾರಣೆಗೂ ಅದು ಒತ್ತು ಕೊಟ್ಟಿತು. ಕಲೆ ಬಾಗಿಲು ತೆರೆಯಬಲ್ಲದು, ಮನೆ ಕಟ್ಟಿಕೊಡಲಾರದು.

ನಮಗೇನು ಪಾಠ?

ನಮ್ಮ ಪಶ್ಚಿಮ ಕರಾವಳಿಗೂ ಈ ವಿಷಯ ದೂರದ್ದಲ್ಲ. 2012ರ ಡಿಸೆಂಬರ್ 12ರಂದು ಆರಂಭವಾದ ಕೊಚ್ಚಿ-ಮುಜಿರಿಸ್ ಬಿನಾಲೆಯು, ಹಿಂದೆ ಸಾಂಬಾರ ಪದಾರ್ಥಗಳ ವ್ಯಾಪಾರ ನಡೆಯುತ್ತಿದ್ದ ಹಳೆಯ ಕಟ್ಟಡಗಳಿಗೆ ಹೊಸ ಉಪಯೋಗ ಕೊಟ್ಟಿತು. ಕರ್ನಾಟಕದ ಕರಾವಳಿಯಲ್ಲೂ ಹಳೆ ಬಂದರುಗಳಿವೆ, ಹೆಂಚಿನ ಗೋದಾಮುಗಳಿವೆ, ಯಕ್ಷಗಾನದಂಥ ಜೀವಂತ ಕಲೆಗಳಿವೆ. ನಾಳೆ ಇಂಥ ಯೋಜನೆಯೊಂದು ನಮ್ಮೂರಿಗೆ ಬಂದರೆ ಸ್ವಾಗತಿಸೋಣ. ಅದರೊಡನೆ ಮೂರು ಪ್ರಶ್ನೆಗಳನ್ನೂ ಕೇಳೋಣ. ಕಟ್ಟಡಗಳ ಒಡೆತನ ಯಾರದು? ಕೆಲಸ ಯಾರ ಮಕ್ಕಳಿಗೆ? ಹತ್ತು ವರ್ಷಗಳ ನಂತರ ಮೀನು ಮಾರುವ ಮಹಿಳೆ ಅದೇ ಬೀದಿಯಲ್ಲಿ ಬಾಡಿಗೆ ಕೊಟ್ಟು ಬದುಕಬಲ್ಲಳೇ?

ಈ ಪ್ರಶ್ನೆಗಳನ್ನು ಉದ್ಘಾಟನೆಯ ದಿನ ಕೇಳಿ ಪ್ರಯೋಜನವಿಲ್ಲ. ಅಡಿಗಲ್ಲು ಹಾಕುವ ಮೊದಲೇ ಕೇಳಬೇಕು.