ವಿದ್ಯುನ್ಮಾನ ಮತದಾನದಲ್ಲಿ ಬ್ಲಾಕ್‌ಚೈನ್

ಬ್ಲಾಕ್‌ಚೈನ್ ಎಂಬುದು ಮೂಲತಃ ಒಂದು ಲೆಕ್ಕದ ಪುಸ್ತಕ. ಅದರ ಪ್ರತಿ ಪುಟವೂ ಹಿಂದಿನ ಪುಟದ ಗಣಿತೀಯ ಮುದ್ರೆಯನ್ನು ಹೊತ್ತಿರುತ್ತದೆ. ಪ್ರತಿಗಳು ಹಲವು ಗಣಕಯಂತ್ರಗಳಲ್ಲಿರುತ್ತವೆ. ಹಳೆಯ ನಮೂದೊಂದನ್ನು ತಿದ್ದಿದರೆ ಮುಂದಿನ ಮುದ್ರೆಗಳು ತಾಳೆಯಾಗದೆ ಅದು ಬಯಲಾಗುತ್ತದೆ. ಮತಗಳನ್ನೂ ಹೀಗೆ ದಾಖಲಿಸಿದರೆ ಅಕ್ರಮಕ್ಕೆ ಎಡೆಯಿರದೆಂಬುದು ಪ್ರತಿಪಾದಕರ ವಾದ.

ಆದರೆ ವೋಚರೇ ಸುಳ್ಳಾದಲ್ಲಿ ಖಾತೆ ಎಷ್ಟು ಅಚ್ಚುಕಟ್ಟಾಗಿದ್ದರೂ ವ್ಯರ್ಥವೆಂಬುದನ್ನು ವರ್ತಕರಿಗೆ ಹೇಳಬೇಕಾಗಿಲ್ಲ. ಮತದಾರನ ಮೊಬೈಲ್‌ಗೆ ಹೊಕ್ಕ ದುಷ್ಟ ತಂತ್ರಾಂಶವು ಆಯ್ಕೆಯನ್ನೇ ಬದಲಿಸಿದರೆ, ಬ್ಲಾಕ್‌ಚೈನ್ ಆ ತಪ್ಪು ಮತವನ್ನೇ ನಿಷ್ಠೆಯಿಂದ ಕಾಪಾಡುತ್ತದೆ.

ಗೌಪ್ಯತೆಯ ತೊಡಕು ಇನ್ನೂ ಗಹನವಾದುದು. 2019ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋ ನಗರ ಶಾಸನಸಭೆಯ ಚುನಾವಣೆಯಲ್ಲಿ ಮೂರು ಕ್ಷೇತ್ರಗಳಿಗೆ ಬ್ಲಾಕ್‌ಚೈನ್ ಆಧಾರಿತ ಅಂತರಜಾಲ ಮತದಾನವನ್ನು ಏರ್ಪಡಿಸಲಾಗಿತ್ತು. ಅದಕ್ಕೆ ಮುನ್ನ, ಆಗಸ್ಟ್‌ನಲ್ಲಿ, ಫ್ರಾನ್ಸಿನ ಸಂಶೋಧಕ ಪಿಯೆರಿಕ್ ಗೋಡ್ರಿ ಆ ವ್ಯವಸ್ಥೆಯ ಗೂಢಲಿಪಿಯನ್ನು ಸಾಮಾನ್ಯ ಗಣಕಯಂತ್ರದಿಂದ ಸುಮಾರು 20 ನಿಮಿಷಗಳಲ್ಲಿ ಭೇದಿಸಬಹುದೆಂದು ತೋರಿಸಿದರು. ಕೀಲಿಗಳ ಅಳತೆ 256 ಬಿಟ್‌ಗಿಂತ ಕಡಿಮೆಯಿದ್ದುದೇ ಕಾರಣ. ಬಳಿಕ ಅದನ್ನು 1024ಕ್ಕೆ ಏರಿಸಲಾಯಿತು. ಅಳಿಸಲಾಗದ ದಾಖಲೆಯಲ್ಲಿ ಈ ಅಪಾಯ ಹೆಚ್ಚು: ಗೂಢಲಿಪಿ ಹತ್ತು ವರ್ಷಗಳ ನಂತರ ಒಡೆದರೂ ಅಂದಿನ ಮತಗಳು ಬಹಿರಂಗವಾದಾವು.

ಸಂಘದ ಚುನಾವಣೆಗೋ ಕಂಪನಿಯ ಸಭೆಗೋ ಇಂತಹ ವ್ಯವಸ್ಥೆ ಕೊಳ್ಳುವವರು ಬೆಲೆ ವಿಚಾರಿಸುವ ಮೊದಲು ಕೇಳಬೇಕಾದುದಿಷ್ಟು: ಕೀಲಿ ಯಾರ ವಶದಲ್ಲಿದೆ? ಸದಸ್ಯನು ತನ್ನ ಮತ ಸರಿಯಾಗಿ ಸೇರಿದೆಯೆಂದು ಸ್ವತಃ ಪರಿಶೀಲಿಸಬಲ್ಲನೆ? ಪ್ರತಿಗಳು ಎಲ್ಲೆಲ್ಲಿವೆ? ಎಲ್ಲವೂ ಮಾರಾಟಗಾರನ ಗಣಕಯಂತ್ರಗಳಲ್ಲೇ ಇದ್ದರೆ, ಅದು ದುಬಾರಿ ಹೆಸರಿನ ಸಾಮಾನ್ಯ ಖಾತೆಪುಸ್ತಕ.