ಗ್ರಹವಾಗದೆ ಉಳಿದ ಕಲ್ಲುಗಳು

೧೮೦೧ನೆಯ ಇಸವಿ ಜನವರಿ ೧ರ ರಾತ್ರಿ. ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದ ಪಾದ್ರಿ ಪಿಯಾಟ್ಸಿಗೆ ಹೊಸದೊಂದು ಚುಕ್ಕೆ ಗೋಚರಿಸಿತು. ಮರುರಾತ್ರಿ ನೋಡಿದರೆ ಅದು ಜಾಗ ಬದಲಿಸಿತ್ತು. ನಕ್ಷತ್ರ ಹೀಗೆ ನಡೆಯದು. ಮಂಗಳ ಮತ್ತು ಗುರುಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಆ ಕಾಯಕ್ಕೆ ಸೆರೆಸ್ ಎಂದು ಹೆಸರಾಯಿತು. ಅದರ ಬೆನ್ನಿಗೆ ೧೮೦೨ರಲ್ಲಿ ಪಲ್ಲಾಸ್, ೧೮೦೪ರಲ್ಲಿ ಜೂನೋ, ೧೮೦೭ರಲ್ಲಿ ವೆಸ್ಟಾ ಕಂಡುಬಂದವು. ಇಂದು ಗುರುತಿಸಲಾಗಿರುವ ಇಂಥ ಕ್ಷುದ್ರಗ್ರಹಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ.

ಒಂದು ಗ್ರಹವನ್ನು ನಿರೀಕ್ಷಿಸಿದ್ದ ಎಡೆಯಲ್ಲಿ ಇಷ್ಟು ತುಣುಕುಗಳು ಬಂದುದೆಲ್ಲಿಂದ? ಪಲ್ಲಾಸನ್ನು ಕಂಡುಹಿಡಿದ ಜರ್ಮನಿಯ ವೈದ್ಯ ಓಲ್ಬರ್ಸ್, ಹಿಂದೆ ಅಲ್ಲಿದ್ದ ಗ್ರಹವೊಂದು ಒಡೆದು ಚೂರಾಗಿರಬೇಕೆಂದು ಊಹಿಸಿದನು. ಮನಸ್ಸಿಗೆ ಹಿಡಿಸುವ ಊಹೆ, ಬಹುಕಾಲ ಬಾಳಿತು. ಆದರೆ ತೂಕದ ಲೆಕ್ಕ ಅದನ್ನು ಒಪ್ಪಲಿಲ್ಲ. ಅಲ್ಲಿರುವ ಕಲ್ಲುಗಳನ್ನೆಲ್ಲ ಕೂಡಿಸಿ ಉಂಡೆ ಕಟ್ಟಿದರೂ ಅದು ಚಂದ್ರನ ತೂಕದ ನೂರರಲ್ಲಿ ಸುಮಾರು ಮೂರು ಪಾಲು ಮಾತ್ರ. ಅದರಲ್ಲೂ ಮೂರನೆಯ ಒಂದು ಭಾಗಕ್ಕೂ ಮಿಗಿಲು ಸೆರೆಸ್ ಒಂದರದೇ.

ಅವುಗಳ ದ್ರವ್ಯವೂ ಒಂದೇ ಬಗೆಯದಲ್ಲ. ಹೆಚ್ಚಿನವು ಇದ್ದಲಿನಂತೆ ಕಪ್ಪು. ಇಂಗಾಲವೂ, ನೀರನ್ನು ಒಳಗೊಂಡ ಜೇಡಿಮಣ್ಣಿನಂಥ ಖನಿಜಗಳೂ ಅವುಗಳಲ್ಲಿವೆ. ಕೆಲವು ಸಿಲಿಕೇಟ್ ಶಿಲೆಗಳು. ಇನ್ನು ಕೆಲವದರಲ್ಲಿ ಕಬ್ಬಿಣ ಮತ್ತು ನಿಕ್ಕಲ್ ಲೋಹಗಳು ಹೇರಳ. ವೆಸ್ಟಾ ತನ್ನ ಎಳೆತನದಲ್ಲೇ ಕಾದು ಕರಗಿತು. ಭಾರವಾದ ಕಬ್ಬಿಣ ಒಳಗಿಳಿದು ತಿರುಳಾಯಿತು, ಮೇಲೆ ಲಾವಾ ಹೆಪ್ಪುಗಟ್ಟಿತು.

ಸುಮಾರು ೪೫೬ ಕೋಟಿ ವರ್ಷಗಳ ಹಿಂದೆ, ಎಳೆಯ ಸೂರ್ಯನ ಸುತ್ತಲಿನ ಧೂಳು ಕಣಕಣವಾಗಿ ಕೂಡಿ ಕಲ್ಲಾಯಿತು, ಕಲ್ಲುಗಳು ಕೂಡಿ ಗ್ರಹಗಳಾದವು. ಮಂಗಳದಾಚೆ ಮಾತ್ರ ಈ ಕೆಲಸ ಅರ್ಧದಲ್ಲೇ ನಿಂತಿತು. ನೆರೆಯ ಗುರುವಿನ ಪ್ರಬಲ ಸೆಳೆತಕ್ಕೆ ಸಿಕ್ಕಿ, ಮೆಲ್ಲನೆ ಕೂಡಬೇಕಾದ ಕಲ್ಲುಗಳು ರಭಸದಿಂದ ಢಿಕ್ಕಿ ಹೊಡೆದು ಒಡೆದವು. ಬಹುಪಾಲು ದೂರಕ್ಕೆ ಚದರಿಹೋದವು. ಅಲ್ಲಿ ಉಳಿದಿರುವುದು ಒಡೆದ ಮಡಕೆಯ ಚೂರಲ್ಲ. ಮಡಕೆಯಾಗದೆ ತಿಗುರಿಯ ಬಳಿಯೇ ಉಳಿದ ಮಣ್ಣು.

ಅದರ ಬೆಲೆ ಇರುವುದೂ ಇಲ್ಲಿಯೇ. ಭೂಮಿಯಾಗಿ ರೂಪುಗೊಂಡ ಮಣ್ಣು ಬೆಂಕಿಯಲ್ಲಿ ಬೆಂದು ತನ್ನ ಮೊದಲ ಗುರುತನ್ನು ಕಳೆದುಕೊಂಡಿದೆ. ಕ್ಷುದ್ರಗ್ರಹಗಳಲ್ಲಿ ಅದು ಇನ್ನೂ ಉಳಿದಿದೆ. ಅರ್ಧ ಕಿಲೋಮೀಟರಿನಷ್ಟು ಅಗಲವಾದ ಬೆನ್ನು ಎಂಬ ಕಪ್ಪು ಕ್ಷುದ್ರಗ್ರಹದಿಂದ ಅಮೆರಿಕದ ನೌಕೆಯೊಂದು ತಂದ ೧೨೧.೬ ಗ್ರಾಂ ಮಣ್ಣುಕಲ್ಲು, ೨೦೨೩ರ ಸೆಪ್ಟೆಂಬರ್ ೨೪ರಂದು ಯೂಟಾ ಮರುಭೂಮಿಯಲ್ಲಿ ಇಳಿಯಿತು. ೨೦೨೫ರಲ್ಲಿ ಪ್ರಕಟವಾದ ಪರೀಕ್ಷೆಯ ಫಲ ಅಚ್ಚರಿಯದು: ಜೀವಿಗಳು ಪ್ರೋಟೀನು ಕಟ್ಟಲು ಬಳಸುವ ೨೦ ಅಮೈನೋ ಆಮ್ಲಗಳಲ್ಲಿ ೧೪ ಅದರಲ್ಲಿದ್ದವು, ಉಪ್ಪುನೀರು ಆರಿದಾಗ ಉಳಿಯುವ ಲವಣಗಳೂ ಇದ್ದವು. ಜೀವ ಅಲ್ಲಿರಲಿಲ್ಲ, ಜೀವಕ್ಕೆ ಬೇಕಾದ ಸಾಮಗ್ರಿ ಇತ್ತು.

ಭೂಮಿಯ ನೀರಿನಲ್ಲಿಯೂ ಒಂದು ಪಾಲು ಇಂಥ ಕಲ್ಲುಗಳೊಡನೆ ಬಂದಿಳಿದಿರಬಹುದೆಂದು ಅನೇಕ ವಿಜ್ಞಾನಿಗಳು ಎಣಿಸುತ್ತಾರೆ. ಅದು ನಿಜವಾದರೆ, ಮನೆಯ ಕೊಡದಲ್ಲಿ ತುಂಬಿಟ್ಟ ನೀರಿಗೂ ದೂರದ ಆ ಕಪ್ಪು ಕಲ್ಲುಗಳಿಗೂ ಹಳೆಯ ನಂಟುಂಟು.